ಉರಿಮೂತ್ರಕ್ಕೆ ಕೊಟ್ಟ ಮಾತ್ರೆ, ಹಾಳಾಗಿದ್ದು ಕಾಲಿನ ನರ

ಹೆಸರಿನ ಕೊನೆಗೆ ‘ಫ್ಲಾಕ್ಸಾಸಿನ್’ ಅಂತ ಇರುವ ಮಾತ್ರೆ ಬರೆದುಕೊಟ್ಟಿದ್ದರೆ ದಯವಿಟ್ಟು ಇದನ್ನು ಓದಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್, ಎಲ್ಲ ಒಂದೇ ಜಾತಿಯ ಆಂಟಿಬಯಾಟಿಕ್. ಭೇದಿ ಅಂದ ತಕ್ಷಣ ಎಷ್ಟೋ ಮೆಡಿಕಲ್‌ಗಳಲ್ಲಿ ಚೀಟಿ ಕೇಳದೆ ಕೊಡುವುದೂ ಇದೇ ಜಾತಿಯದ್ದು.

ನನಗಿದ್ದದ್ದು ಬರೀ ಉರಿಮೂತ್ರ. ಜ್ವರವಿಲ್ಲ, ಚಳಿಯಿಲ್ಲ. ಯಾವ ರೋಗಾಣು ಅಂತ ನೋಡುವ ಯೂರಿನ್ ಕಲ್ಚರ್ ಕೂಡ ಮಾಡಿಸದೆ ಡಾಕ್ಟರು ಲೆವೊಫ್ಲಾಕ್ಸಾಸಿನ್ ಬರೆದರು. ಮೆಡಿಕಲ್‌ನವನು ಸ್ಟ್ರಿಪ್ ಕತ್ತರಿಸಿ ಕೈಗಿಟ್ಟ. ಕೋರ್ಸ್ ಮುಗಿಯುವ ಮೊದಲೇ ಅಂಗಾಲು ಉರಿ ಶುರುವಾಯಿತು. ಆಮೇಲೆ ಬೆರಳೆಲ್ಲ ಜೋಮು. ರಾತ್ರಿ ಹೊದಿಕೆಯ ಅಂಚು ತಾಗಿದರೂ ಸೂಜಿ ಚುಚ್ಚಿದ ಹಾಗೆ, ಹಗಲು ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗುತ್ತಿರಲಿಲ್ಲ.

ಫೋನ್ ಮಾಡಿ ಕೇಳಿದೆ, ಮಾತ್ರೆಯಿಂದ ಇರಬಹುದಾ ಸಾರ್ ಅಂತ. “ಮೂತ್ರದ ಮಾತ್ರೆಗೂ ಕಾಲಿಗೂ ಏನಮ್ಮಾ ಸಂಬಂಧ? ಬಿ12 ಕಡಿಮೆ ಇರುತ್ತೆ. ಕೋರ್ಸ್ ಮುಗಿಸಿ.” ಮುಗಿಸಿದೆ. ಬಿ12 ನಾರ್ಮಲ್, ಶುಗರ್ ನಾರ್ಮಲ್. ಮತ್ತೆ ಹೋದರೆ, “ನೀವು ಟೆನ್ಷನ್ ಜಾಸ್ತಿ ಮಾಡ್ಕೋತೀರಿ.”

ನರರೋಗದ ಡಾಕ್ಟರು ಮೊದಲು ಕೇಳಿದ್ದೇ, ಇತ್ತೀಚೆಗೆ ಯಾವ ಆಂಟಿಬಯಾಟಿಕ್ ತಗೊಂಡ್ರಿ ಅಂತ. ಇದು ಹೊಸ ವಿಷಯವೇ ಅಲ್ಲ! ಈ ಮಾತ್ರೆಗಳಿಂದ ನರಕ್ಕಾಗುವ ಹಾನಿ ಬೇಗ ಶುರುವಾಗಬಹುದು, ಶಾಶ್ವತವಾಗಿ ಉಳಿಯಲೂಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಎಚ್ಚರಿಸಿದೆ. ಬೇರೆ ಔಷಧ ಇರುವಾಗ ಸಾಧಾರಣ ಮೂತ್ರದ ಸೋಂಕಿಗೆ, ಸೈನಸ್‌ಗೆ, ಬ್ರಾಂಕೈಟಿಸ್‌ಗೆ ಇದು ಬೇಡ ಅಂತ 2016ರಲ್ಲಿ ಹೇಳಿದೆ.

ಫೈಲ್ ಹಿಡಿದು ಮೊದಲಿನವರ ಹತ್ತಿರ ಹೋದೆ. ತಲೆ ಎತ್ತದೆ ಅಂದರು, “ಹೌದು, ಹಾಗೊಂದು ಇದೆ. ಅಪರೂಪ. ಎಲ್ಲರಿಗೂ ಹೇಳ್ತಾ ಕೂತ್ರೆ ಯಾರೂ ಮಾತ್ರೆ ನುಂಗಲ್ಲಮ್ಮಾ.”

ಅಂದರೆ ಗೊತ್ತಿತ್ತು! ಗೊತ್ತಿದ್ದೂ ಏನು ಸಂಬಂಧ ಅಂದರು, ಗೊತ್ತಿದ್ದೂ ಕೋರ್ಸ್ ಮುಗಿಸಿ ಅಂದರು. ಮೈಯೆಲ್ಲ ಉರಿದುಹೋಯಿತು. ಕ್ಲಿನಿಕ್ ತುಂಬ ಜನರ ಮುಂದೆ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು. ಅಪರೂಪವೇ ಇರಲಿ, ಕಾಲು ನನ್ನದಲ್ಲವೇ?

ಕೆಲವು ದೊಡ್ಡ ಸೋಂಕಿಗೆ ಈ ಮಾತ್ರೆ ಬೇಕೇ ಬೇಕಂತೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬರೆಯುವಾಗಲೇ ಕೇಳಿ: ಬೇರೆ ಇಲ್ವಾ ಡಾಕ್ಟ್ರೇ? ಉರಿ, ಜೋಮು, ಹಿಮ್ಮಡಿ ಮೇಲಿನ ನರ ಹಿಡಿದ ಹಾಗೆ ನೋವು ಏನೇ ಬಂದರೂ ಮುಂದಿನ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಹೇಳಿ. ಟೆನ್ಷನ್ ಅಂದರೆ ಅಲ್ಲೇ ಕೂರಬೇಡಿ, ಅದೇ ದಿನ ಇನ್ನೊಬ್ಬರಿಗೆ ತೋರಿಸಿ.