ವಿಯೆನ್ನಾದ ನಗರ ಸಾರಿಗೆ: ಐದು ವಾರ ಓಡಾಡಿದ ಮೇಲೆ

ಮಗಳ ಮನೆಗೆಂದು ಆಸ್ಟ್ರಿಯಾಕ್ಕೆ ಹೋಗಿ ಐದು ವಾರ ವಿಯೆನ್ನಾದಲ್ಲಿದ್ದು ಬಂದ ನನಗೆ, ಅಲ್ಲಿನ ಅರಮನೆಗಳಿಗಿಂತ ಅಲ್ಲಿನ ಟ್ರಾಮುಗಳ ಬಗ್ಗೆ ಬರೆಯಬೇಕೆನಿಸಿದೆ. ಅರಮನೆಯ ವಿಷಯದಲ್ಲಿ ಮೈಸೂರಿನವರನ್ನು ಬೆರಗುಗೊಳಿಸುವುದು ಸುಲಭವಲ್ಲ.

ಮೊದಲು ಮೆಚ್ಚಬೇಕಾದದ್ದು ಟಿಕೆಟ್ಟನ್ನು. ನಗರದೊಳಗಿನ ಮೆಟ್ರೊ, ಟ್ರಾಮು, ಬಸ್ಸು, ಉಪನಗರ ರೈಲು ಎಲ್ಲಕ್ಕೂ ಒಂದೇ ಟಿಕೆಟ್ ನಡೆಯುತ್ತದೆ. ಒಂದು ದಿಕ್ಕಿನ ಪ್ರಯಾಣ ಮುಗಿಯುವವರೆಗೆ ಎಷ್ಟು ಕಡೆ ಇಳಿದು ಹತ್ತಿದರೂ ಮತ್ತೆ ಹಣ ಕೊಡಬೇಕಾಗಿಲ್ಲ. ನಮ್ಮಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೊರಟವರು ನಗರ ಬಸ್ ನಿಲ್ದಾಣದಲ್ಲಿಳಿದು, ಬೇರೆ ಬಸ್ಸು ಹುಡುಕಿ, ಪಾಸ್ ಇಲ್ಲದಿದ್ದರೆ ಮತ್ತೊಂದು ಟಿಕೆಟ್ ಕೊಳ್ಳುವುದನ್ನು ನೆನೆದರೆ ಈ ಅನುಕೂಲದ ಬೆಲೆ ತಿಳಿಯುತ್ತದೆ. 2012ರಿಂದ 2025ರವರೆಗೆ ವರ್ಷದ ಪಾಸಿನ ದರ 365 ಯೂರೊ, ಅಂದರೆ ದಿನಕ್ಕೊಂದು ಯೂರೊ ಇತ್ತು. 2026ರಿಂದ ಅದು 460 ಯೂರೊ ದಾಟಿದ್ದು, ಆ ಸೊಗಸಾದ ಲೆಕ್ಕ ಕೆಟ್ಟಿದೆ.

ಆದರೆ ಈ ವ್ಯವಸ್ಥೆ ನಿಂತಿರುವುದು ಟಿಕೆಟ್ಟಿನ ಹಣದ ಮೇಲಷ್ಟೇ ಅಲ್ಲ. ಅಲ್ಲಿ ಕೆಲಸಕ್ಕೆ ಜನರನ್ನು ಇಟ್ಟುಕೊಂಡಿರುವ ಮಾಲೀಕರು ಪ್ರತಿ ನೌಕರನ ಲೆಕ್ಕದಲ್ಲಿ ವಾರಕ್ಕೆ 2 ಯೂರೊ ತೆರಿಗೆ ಕಟ್ಟುತ್ತಾರೆ. 1970ರಲ್ಲಿ ಮೆಟ್ರೊ ನಿರ್ಮಾಣಕ್ಕೆಂದೇ ಶುರುವಾದ ತೆರಿಗೆ ಇದು. ಇನ್ನೊಂದು ಆಧಾರ ಪಾರ್ಕಿಂಗ್ ಶುಲ್ಕ. 1993ರಲ್ಲಿ ಊರಿನ ನಡುಭಾಗದಲ್ಲಿ ಆರಂಭವಾದ ನಿಯಮ 2022ರ ಮಾರ್ಚ್‌ನಲ್ಲಿ ಬಹುತೇಕ ಇಡೀ ನಗರಕ್ಕೆ ವಿಸ್ತರಿಸಿತು: ಆಯಾ ವಾರ್ಡಿನ ನಿವಾಸಿಗಳು ಪರವಾನಗಿ ಪಡೆಯಬೇಕು, ಹೊರಗಿನವರು ಹಣ ಕೊಟ್ಟರೂ ವಾರದ ದಿನಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ರಸ್ತೆಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಕಾರು ತೆಗೆಯುವ ಮುನ್ನವೇ ನಿಲ್ಲಿಸುವ ಚಿಂತೆ ಹತ್ತುವುದರಿಂದ ನನ್ನ ಅಳಿಯನೇ ವಾರದ ಐದು ದಿನ ಟ್ರಾಮಿನಲ್ಲಿ ಕಚೇರಿಗೆ ಹೋಗುತ್ತಾನೆ. ದೇವರಾಜ ಅರಸು ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಕಾರು ಒಂದೇ ಅಂಗಡಿಯ ಮುಂದೆ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ಈ ಎರಡು ಗಂಟೆಯ ನಿಯಮ ನೆನಪಾಗುತ್ತದೆ. ಮೈಸೂರಿಗೂ ಮೆಟ್ರೊ ಬೇಕೆನ್ನುವವರು ಅದಕ್ಕೆ ಮೊದಲು ಇದನ್ನು ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮಂಡಿನೋವಿನ ನನ್ನ ಹೆಂಡತಿಗೆ ಹಿಡಿಸಿದ್ದು ತಗ್ಗು ನೆಲದ ಟ್ರಾಮುಗಳು. ನಿಲ್ದಾಣದ ಕಟ್ಟೆಯಿಂದ ಒಂದು ಹೆಜ್ಜೆಯಿಟ್ಟರೆ ಒಳಗೆ. ಶೋನ್‌ಬ್ರುನ್ ಅರಮನೆಗೆ ಅದೇ ಹೆಸರಿನ ಮೆಟ್ರೊ ನಿಲ್ದಾಣವಿದೆ. ಮೆಟ್ರೊ ಮಾರ್ಗಗಳ ಸಂಖ್ಯೆ ಮಾತ್ರ ಹೊಸಬರನ್ನು ಗೊಂದಲಗೊಳಿಸುತ್ತದೆ: 1, 2, 3, 4 ಆದ ಮೇಲೆ ನೇರವಾಗಿ 6; ದಶಕಗಳಿಂದ ಖಾಲಿ ಬಿಟ್ಟಿದ್ದ ಐದನೇ ಸಂಖ್ಯೆಯ ಮಾರ್ಗದ ಕಾಮಗಾರಿ ಈಗ ನಡೆಯುತ್ತಿದೆ. 71ನೇ ಟ್ರಾಮು ದೊಡ್ಡ ಸ್ಮಶಾನದ ಕಡೆಗೆ ಹೋಗುವುದರಿಂದ, ಯಾರಾದರೂ ತೀರಿಕೊಂಡರೆ ‘71 ಹತ್ತಿದರು’ ಎನ್ನುವುದು ಅಲ್ಲಿನವರ ರೂಢಿ.

ಹೋಗುವವರಿಗೆ ಒಂದು ಎಚ್ಚರಿಕೆ. ಮೆಟ್ರೊ ನಿಲ್ದಾಣಗಳಲ್ಲಿ ತಡೆಗೇಟುಗಳಿಲ್ಲ, ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ. ಹಾಗೆಂದು ಯಾರೂ ಕೇಳುವುದಿಲ್ಲವೆಂದು ತಿಳಿಯಬಾರದು. ಸಾದಾ ಉಡುಪಿನ ತಪಾಸಕರು ಬಂದಾಗ ಟಿಕೆಟ್ ಇಲ್ಲದಿದ್ದರೆ ನೂರು ಯೂರೊಗೂ ಹೆಚ್ಚು ದಂಡ ತೆರಬೇಕಾಗುತ್ತದೆ.