ಮಾಯಾ ಲೋಟಗಳ ಮೊಲ, ಜಾಗ್ವಾರ್, ಮೀನು: ಕೆರ್ ಫೋಟೋ ಸಂಗ್ರಹ ಹೇಗಿದೆ?

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಅರಮನೆಗಳಲ್ಲಿ ಕೋಕೋ ಕುಡಿಯುತ್ತಿದ್ದ ಲೋಟಗಳ ಮೇಲಿನ ಪ್ರಾಣಿಗಳನ್ನು ಓದಲು ಫೋಟೋಗ್ರಾಫರ್ ಜಸ್ಟಿನ್ ಕೆರ್ ಅವರ ‘ಮಾಯಾ ವಾಸ್ ಡೇಟಾಬೇಸ್’ಗಿಂತ ಉತ್ತಮ ಉಚಿತ ತಾಣ ಸಿಗುವುದು ಕಷ್ಟ. ತಿರುಗುವ ಪೀಠದ ಮೇಲೆ ಲೋಟವಿಟ್ಟು, ಕಿರಿದಾದ ಸೀಳಿನ ಹಿಂದೆ ಅದಕ್ಕೆ ಹೊಂದಿಕೊಂಡ ವೇಗದಲ್ಲಿ ಫಿಲ್ಮ್ ಸರಿಸಿ, ಸುತ್ತಲಿನ ಚಿತ್ರವನ್ನು ಚಾಪೆಯಂತೆ ಬಿಡಿಸಿದ ಫೋಟೋಗಳಿವು. ಪ್ರತಿಯೊಂದಕ್ಕೂ ‘ಕೆ’ ಸಂಖ್ಯೆ ಇದೆ. ವಿದ್ವಾಂಸರೂ ಅದನ್ನೇ ಬಳಸುತ್ತಾರೆ.

ಕೆ511 ಮತ್ತು ಕೆ1398 ಅಕ್ಕಪಕ್ಕ ತೆರೆದು ನೋಡಿ. ಮೊದಲನೆಯದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನದು: ‘ಗಾಡ್ ಎಲ್’ ಎನ್ನುವ ಪಾತಾಳದ ಮುದಿ ದೊರೆಯ ಪೀಠದ ಕೆಳಗೆ ಮೊಲವೊಂದು ಜಾಗ್ವಾರ್ ಚರ್ಮದ ಹೊದಿಕೆಯ ಪುಸ್ತಕದಲ್ಲಿ ಏನೋ ಬರೆಯುತ್ತಿದೆ. ಎರಡನೆಯದರಲ್ಲಿ ಅದೇ ದೊರೆ ಬೆತ್ತಲೆ, ಅವನ ಟೋಪಿ ಬಟ್ಟೆ ಮೊಲದ ಕೈಯಲ್ಲಿ! ಮೊದಲನೆಯದನ್ನಷ್ಟೇ ನೋಡಿದವರಿಗೆ ಮೊಲ ವಿಧೇಯ ಗುಮಾಸ್ತ, ಅಷ್ಟೆ.

ಜಾಗ್ವಾರ್ ಹುಡುಕುವಾಗ ಎಚ್ಚರ. ಈ ಲೋಟಗಳಲ್ಲಿ ಅದು ಪ್ರಾಣಿಯಾಗಿಯೂ ಇದೆ, ಪೀಠದ ಮೆತ್ತೆಯಾಗಿಯೂ ಇದೆ. ತಲೆ ಮೇಲೆ ನೈದಿಲೆ ಹೊತ್ತ ಜಾಗ್ವಾರ್ ಕಂಡರೆ ಪಕ್ಕದ ಅಕ್ಷರ ನೋಡಿ: ಅರ್ಧ ಮುಖಕ್ಕೆ ಜಾಗ್ವಾರ್ ಚರ್ಮ ಮುಚ್ಚಿದ ಚಿಹ್ನೆ ಇದ್ದರೆ ಅದು ‘ವಾಯ್’. 1989ರಲ್ಲಿ ಈ ಚಿಹ್ನೆಯನ್ನು ಓದಿದಾಗ ವಿದ್ವಾಂಸರು ವಾಯ್ ಅಂದರೆ ಅರಸರ ಜೊತೆಗಾರ ಆತ್ಮ ಎಂದರು. ಈಗ ರೋಗ, ಮಾಟಗಳ ರೂಪ ಎನ್ನುವವರೇ ಹೆಚ್ಚು. ಇನ್ನು, ಅಂಚಿನ ಬರಹದಲ್ಲಿ ಮೀನು ಕಂಡರೆ ಅರ್ಥ ಹುಡುಕಬೇಡಿ. ಅದು ‘ಕ’ ಅಕ್ಷರ. ‘ಕಕಾವ್’, ಅಂದರೆ ಕೋಕೋ, ಬರೆಯಲು ಬೇಕು.

ಸಂಗ್ರಹದ ದೊಡ್ಡ ಕೊರತೆ ಹೀಗೆ ಚಾಪೆಯಂತೆ ಹರವಿದ ಚಿತ್ರದಲ್ಲೇ ಇದೆ. ಚಿತ್ರದ ಪಟ್ಟಿ ಎಲ್ಲಿ ಆರಂಭವಾಗಬೇಕೆಂದು ತೀರ್ಮಾನಿಸಿದ್ದು ಫೋಟೋಗ್ರಾಫರ್, ಚಿತ್ರಕಾರನಲ್ಲ. ಎರಡು ತುದಿಗಳಲ್ಲಿ ದೂರವಾಗಿ ಕಾಣುವವರು ಲೋಟದಲ್ಲಿ ನೆರೆಯವರು. ಕೆ511ರ ವ್ಯಾಸ 16.6 ಸೆಂ.ಮೀ., ಸುತ್ತಳತೆ ಸುಮಾರು 52. ಎ3 ಹಾಳೆಯಲ್ಲಿ ಲೋಟದ ನಿಜ ಗಾತ್ರದ 80%ಕ್ಕೆ ಮುದ್ರಿಸಿ, ಸುರುಳಿ ಸುತ್ತಿ ಅಂಟಿಸಿ, ಕೈಯಲ್ಲಿ ತಿರುಗಿಸಿ. ಹೊಟ್ಟೆ ಉಬ್ಬಿದ ಪಾತ್ರೆಗಳಿಗೆ ಈ ಉಪಾಯ ಸಾಲದು: ಫಿಲ್ಮಿನ ವೇಗ ಒಂದು ವ್ಯಾಸಕ್ಕಷ್ಟೇ ಹೊಂದುವುದರಿಂದ ಅಗಲದ ಭಾಗ ಒತ್ತಿಕೊಂಡು, ಕಿರಿದಾದ ಕತ್ತು ಎಳೆದಂತಾಗುತ್ತದೆ. ಕತ್ತಿನ ಬಳಿಯ ಹಕ್ಕಿ ದಪ್ಪಗೆ ಕಂಡರೆ ಬೈಗುಳ ಕ್ಯಾಮೆರಾಗೆ ಸಲ್ಲಬೇಕು.

ಇಲ್ಲಿರುವ ಎಷ್ಟೋ ಪಾತ್ರೆಗಳು ಯಾವ ಗೋರಿಯಿಂದ ಬಂದವೆಂಬ ದಾಖಲೆಯಿಲ್ಲ, ಲೂಟಿಯ ಮಾಲು. ಮಾರುವ ಮುಂಚೆ ಬಣ್ಣ ಹಚ್ಚಿ ತಿದ್ದಿದವೂ ಇವೆ. ಬಿರುಕು ದಾಟುವಾಗಲೂ ಕೂದಲೆಳೆಯಷ್ಟೂ ಕೆಡದ ಗೆರೆ ಕಂಡರೆ, ಆ ಪ್ರಾಣಿಯ ಮೀಸೆ, ಉಗುರುಗಳ ಮೇಲೆ ಯಾವ ವಾದವನ್ನೂ ಕಟ್ಟಬೇಡಿ.