ಗಿಣ್ಣದ ಹಾಲಿನ ಪುಡಿ: ಡಬ್ಬಿ ಕೊಳ್ಳುವ ಮುನ್ನ

ಹಸುವಿನ ಗಿಣ್ಣದ ಹಾಲಿನ ಪುಡಿ ಮಾರುವವರು ಬೆಳವಣಿಗೆಯ ಅಂಶಗಳ (ಜೀವಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಪ್ರೋಟೀನುಗಳ) ಹೆಸರನ್ನೇ ದೊಡ್ಡದಾಗಿ ಹೇಳುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಇಂಥ ಅಂಶಗಳಾದ ಐಜಿಎಫ್-1, ಟಿಜಿಎಫ್-ಬೀಟಾ 2 ಎರಡೂ ಮೊದಲ ಕರಾವಿನಲ್ಲಿ ಮಾಮೂಲಿ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತವೆ. ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಹಸುವಿನ ಐಜಿಎಫ್-1 ರಚನೆಯಲ್ಲಿ ಮನುಷ್ಯರದ್ದರಂತೆಯೇ ಇದೆ. ಆದರೆ ಇಜಿಎಫ್ ಎಂಬ ಇನ್ನೊಂದು ಬೆಳವಣಿಗೆಯ ಅಂಶ ತಾಯಿಯ ಹಾಲಿನಲ್ಲಿ ಹೇರಳ, ಹಸುವಿನದರಲ್ಲಿ ತೀರಾ ಕಡಿಮೆ. ಎಳೆಗೂಸಿಗೆ ಇದು ಎದೆಹಾಲಿನ ಬದಲಿ ಅಲ್ಲವೇ ಅಲ್ಲ.

ದೊಡ್ಡವರ ಹೊಟ್ಟೆಯಲ್ಲಿ ಈ ಪ್ರೋಟೀನುಗಳ ಬಹುಪಾಲು ಜೀರ್ಣವಾಗುತ್ತದೆ. ಸ್ನಾಯು ಬೆಳೆಸಲೆಂದು ಕೊಳ್ಳಬೇಡಿ.

ಲೇಬಲ್ ಮೇಲೆ ಐಜಿಜಿ (ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ಪ್ರೋಟೀನು) ಶೇಕಡಾವಾರು ಇಲ್ಲದ ಡಬ್ಬಿಯನ್ನು ವಾಪಸ್ ಇಟ್ಟುಬಿಡಿ. ಎಷ್ಟನೇ ಕರಾವು ಎಂದೂ ಕೇಳಿ.

ಹೆಚ್ಚಿನವರು ಎಡವುವುದು ಬೆರೆಸುವಾಗ. ಕುದಿಯುವ ಹಾಲಿಗೆ ಸುರಿದರೆ ಐಜಿಜಿ ಕೆಟ್ಟು ಪುಡಿ ಗಂಟು ಕಟ್ಟುತ್ತದೆ. ಮನೆಯ ಗಿಣ್ಣು ಹಬೆಯಲ್ಲಿ ಗಟ್ಟಿಯಾಗುವುದೂ ಹೀಗೆ ಪ್ರೋಟೀನು ಹೆಪ್ಪುಗಟ್ಟುವುದರಿಂದಲೇ. 200 ಮಿಲಿ ಉಗುರುಬೆಚ್ಚಗಿನ ನೀರಿನ ಮೇಲೆ ಪುಡಿ ಉದುರಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಕಲಕಿ. ಒದ್ದೆ ಚಮಚ ಡಬ್ಬಿಯೊಳಗೆ ಹೋಗಬಾರದು.

ಹಾಲಿನ ಅಲರ್ಜಿ ಇದ್ದವರಿಗೆ ಇದು ಕೂಡದು. ಸ್ಪರ್ಧೆಗಿಳಿಯುವ ಕ್ರೀಡಾಪಟುಗಳು ಗಮನಿಸಬೇಕು: ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ಇದನ್ನು ನಿಷೇಧಿಸಿಲ್ಲ, ಆದರೆ ಐಜಿಎಫ್-1 ಇರುವ ಕಾರಣ ಬಳಸದಿರುವುದೇ ಒಳ್ಳೆಯದೆನ್ನುತ್ತದೆ.

ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದ ಹಾಲನ್ನಷ್ಟೇ ಕೊಳ್ಳುತ್ತೇವೆಂದು ಬರೆದುಕೊಡುವ ತಯಾರಕರಿಗೆ ನಮ್ಮ ಮೊದಲ ಮತ.